ಬಿಸಿಲೇ ಬಂಡವಾಳ: ಮನೆಯಲ್ಲೇ ಸ್ನಾನದ ಪುಡಿ, ಹೂವಿನ ಎಣ್ಣೆ, ಪನ್ನೀರು

ಚಿತ್ರದುರ್ಗದ ಬೋರ್‌ವೆಲ್ ನೀರಲ್ಲಿ ಸ್ನಾನ ಮಾಡಿದವರಿಗೆ ಇದು ಗೊತ್ತಿರುತ್ತದೆ. ಎಷ್ಟು ಸೋಪು ಉಜ್ಜಿದರೂ ಸರಿಯಾಗಿ ನೊರೆ ಬರುವುದಿಲ್ಲ. ಬಕೆಟ್ಟಿನ ಅಂಚಿಗೆ ಬಿಳಿ ಪದರ, ಮೈಯೆಲ್ಲ ಅಂಟಂಟು. ನೀರಿನಲ್ಲಿರುವ ಸುಣ್ಣದಂಶ ಸೋಪಿನ ಜೊತೆ ಸೇರಿ ಗಸಿ ಕಟ್ಟುವುದೇ ಇದಕ್ಕೆ ಕಾರಣ. ಕಾಳಿನ ಹಿಟ್ಟಿಗೆ, ಸೀಗೆಕಾಯಿಗೆ, ಅಂಟುವಾಳಕ್ಕೆ ಈ ಕಾಟ ಇಲ್ಲ. ಹಾಗಾಗಿ ನಮ್ಮ ಕಡೆ ಸ್ನಾನದ ಪುಡಿ ಬರೀ ಶೋಕಿ ಅಲ್ಲ, ಉಪಯೋಗದ ವಸ್ತು.

ಇನ್ನೊಂದು ಅನುಕೂಲವೂ ನಮಗಿದೆ. ಮನೆಯಲ್ಲಿ ಮಾಡಿದ ಪುಡಿ, ಎಣ್ಣೆ ಕೆಡುವುದು ಹೆಚ್ಚಾಗಿ ತೇವದಿಂದ. ಮಲೆನಾಡಿನಲ್ಲಿ ಬೇರು ಒಣಗಿಸಿ ಇಟ್ಟರೆ ವಾರದೊಳಗೆ ಬೂಸಲು ಬರಬಹುದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು ನಮ್ಮ ಚಳ್ಳಕೆರೆ. ಬಿಸಿಲಿಗೆ, ಒಣಗಾಳಿಗೆ ಇಲ್ಲಿ ಬರವಿಲ್ಲ. ಅದನ್ನು ಬಳಸಿಕೊಂಡರಾಯಿತು. ಮುಂದೆ ಹೇಳುವ ಎಲ್ಲ ವಿಧಾನಕ್ಕೂ ಲೆಕ್ಕ ಒಂದೇ: ನೀರು ಬೇಡದ ಕಡೆ ಒಂದು ಹನಿಯೂ ಇರಬಾರದು, ನೀರು ಇರುವುದನ್ನು ಬೇಗ ಮುಗಿಸಬೇಕು.

ಏನು ತರಬೇಕು, ಎಲ್ಲಿಂದ

ಹೆಚ್ಚಿನ ಸಾಮಾನು ಗ್ರಂಧಿಗೆ ಅಂಗಡಿಯಲ್ಲೇ ಸಿಗುತ್ತದೆ. ದಾವಣಗೆರೆಯವರಾದರೆ ಮಂಡಿಪೇಟೆ ಕಡೆ ಒಂದು ಸುತ್ತು ಹಾಕಿ. ಕಚೋರ, ಕಸ್ತೂರಿ ಅರಿಶಿನ, ಸೀಗೆಕಾಯಿ, ಲಾವಂಚ ಇವನ್ನು ಪುಡಿಯಾಗಿ ಕೊಳ್ಳಬೇಡಿ, ಇಡಿಯಾಗಿ ಕೊಳ್ಳಿ. ಪುಡಿಯಲ್ಲಿ ಏನು ಬೆರೆತಿದೆ ಅಂತ ಕಂಡುಹಿಡಿಯೋದು ಕಷ್ಟ. ಘಮವೂ ಪುಡಿಯಲ್ಲಿ ಬೇಗ ಹೋಗುತ್ತದೆ.

ಲಾವಂಚದ ಬೇರು ಒಣಗಿದ್ದಾಗ ಅಷ್ಟಾಗಿ ವಾಸನೆ ಬರುವುದಿಲ್ಲ. ಅಂಗಡಿಯಲ್ಲೇ ನಾಲ್ಕು ಎಳೆಗೆ ಎರಡು ಹನಿ ನೀರು ಚಿಮುಕಿಸಿ, ಬೆರಳಲ್ಲಿ ಉಜ್ಜಿ ಮೂಸಿ. ಒದ್ದೆ ಮಣ್ಣಿನಂಥ ತಂಪು ಘಮ ಎದ್ದರೆ ತನ್ನಿ, ಇಲ್ಲದಿದ್ದರೆ ಬಿಡಿ. ಅಂಗಡಿಯವರು ಏನೂ ಅಂದುಕೊಳ್ಳುವುದಿಲ್ಲ.

ದವನ ಬೇಸಿಗೆಗೆ ಸ್ವಲ್ಪ ಮುಂಚೆ ಹೂಮಾರುವವರ ಹತ್ತಿರ ಜಾಸ್ತಿ ಬರುತ್ತದೆ. ಆಗಲೇ ನಾಲ್ಕು ಕಟ್ಟು ಜಾಸ್ತಿ ತಂದು ನೆರಳಲ್ಲಿ ತಲೆಕೆಳಗಾಗಿ ನೇತುಹಾಕಿ. ಬಾಡಿ ಒಣಗಿದ ಮೇಲೂ ಘಮ ಬಿಡದ ಸೊಪ್ಪು ಇದು. ಮರುಗವೂ ಹಾಗೆಯೇ. ತುಳಸಿ, ಕಾಮಕಸ್ತೂರಿಯನ್ನು ಮನೆಯ ಕುಂಡದಲ್ಲೇ ಬೆಳೆಸಿಕೊಳ್ಳಬಹುದು. ಜೋಗಿಮಟ್ಟಿಯಲ್ಲಿ ಔಷಧಿ ಗಿಡಗಳು ಬೇಕಾದಷ್ಟಿವೆ ನಿಜ, ಆದರೆ ಅದು ವನ್ಯಜೀವಿಧಾಮ. ಅಲ್ಲಿಂದ ಒಂದು ಬೇರನ್ನೂ ಕೀಳುವ ಹಾಗಿಲ್ಲ.

ಇನ್ನು ಶ್ರೀಗಂಧ. ಕಡಿಮೆ ಬೆಲೆಗೆ ಸಿಗುವ ಗಂಧದ ಪುಡಿ ಬಹಳ ಸಲ ಯಾವುದೋ ಮರದ ಹೊಟ್ಟಿಗೆ ಸೆಂಟು ಹಾಕಿದ್ದಾಗಿರುತ್ತದೆ. ಗಂಧ ಬೇಕೇ ಬೇಕು ಅಂದರೆ ನಂಬಿಕೆಯ ಕಡೆಯಿಂದ ಸಣ್ಣದೊಂದು ಕೊರಡು ತಂದು, ಬೇಕಾದಾಗ ಸಾಣೆಕಲ್ಲಿನ ಮೇಲೆ ತೇಯ್ದುಕೊಳ್ಳಿ. ಪುಡಿಗೆ ಸುರಿದು ದುಡ್ಡು ಕಳೆಯಬೇಡಿ.

ಸ್ನಾನದ ಪುಡಿ

ಒಂದು ಕಿಲೋ ಪುಡಿಗೆ ಲೆಕ್ಕ ಹೀಗೆ. ಹೆಸರುಕಾಳು 500 ಗ್ರಾಂ, ಕಡ್ಲೆಬೇಳೆ 250 ಗ್ರಾಂ. ಕಸ್ತೂರಿ ಅರಿಶಿನ, ಕಚೋರ, ಲಾವಂಚ, ಒಣಗಿದ ಗುಲಾಬಿ ಪಕಳೆ ತಲಾ 50 ಗ್ರಾಂ. ಒಣ ದವನ 25 ಗ್ರಾಂ, ಮೆಂತ್ಯ 25 ಗ್ರಾಂ. ಕಸ್ತೂರಿ ಅರಿಶಿನದ ಬದಲು ಅಡುಗೆ ಅರಿಶಿನ ಹಾಕಿದರೆ ಮನೆಯ ಟವೆಲ್ಲುಗಳೆಲ್ಲ ಹಳದಿ. ತುಂಬ ಒಣ ಚರ್ಮದವರು ಕಡ್ಲೆಬೇಳೆ ಕಡಿಮೆ ಮಾಡಿ ಆ ಜಾಗಕ್ಕೆ ಹೆಸರುಕಾಳು ಹಾಕಿ.

ಕಾಳು, ಬೇಳೆ, ಬೇರು, ಅರಿಶಿನದ ಕೊಂಬು ಇವನ್ನು ಬಿಸಿಲಿಗೆ ಹಾಕಿ. ಹೂವು, ಸೊಪ್ಪನ್ನು ಮಾತ್ರ ನೆರಳಲ್ಲಿ ಗಾಳಿಯಾಡುವ ಕಡೆ ಒಣಗಿಸಿ. ಅವುಗಳ ಘಮ ಬಿಸಿಲಿಗೆ ಹಾರಿಹೋಗುತ್ತದೆ. ಪಕಳೆ ಕೈಯಲ್ಲಿ ಹಿಡಿದರೆ ಹಪ್ಪಳದಂತೆ ಪುಡಿಯಾಗಬೇಕು. ಮೆತ್ತಗೆ ಮಡಚಿಕೊಂಡರೆ ಇನ್ನೂ ನೀರಿದೆ ಅಂತ ಅರ್ಥ. ಗಟ್ಟಿ ಕೊಂಬುಗಳನ್ನು ಕುಟ್ಟಾಣಿಯಲ್ಲಿ ಜಜ್ಜಿ ಒಣಗಿಸಿದರೆ ಕೆಲಸ ಬೇಗ. ಲಾವಂಚವನ್ನು ಕತ್ತರಿಯಿಂದ ಅರ್ಧ ಬೆರಳುದ್ದಕ್ಕೆ ಕತ್ತರಿಸಿ. ಹಾಗೇ ಹಾಕಿದರೆ ನಾರು ಗಿರಣಿಯ ಕಲ್ಲಿಗೆ ಸುತ್ತಿಕೊಳ್ಳುತ್ತದೆ, ಗಿರಣಿಯವರ ಹತ್ತಿರ ಬೈಸಿಕೊಳ್ಳಬೇಕಾಗುತ್ತದೆ.

ಗಿರಣಿಯ ವಿಷಯದಲ್ಲಿ ಒಂದು ಎಚ್ಚರ. ನಿಮ್ಮ ಸರದಿಗೆ ಮುಂಚೆ ಯಾರು ಏನು ಬೀಸಿಸಿದರು ಅಂತ ಕೇಳಿ. ರಾಗಿ, ಜೋಳ, ಅಕ್ಕಿ ಆದರೆ ಚಿಂತೆಯಿಲ್ಲ. ಒಣಮೆಣಸಿನಕಾಯಿ ಆಗಿದ್ದರೆ ಸುಮ್ನೆ ಮನೆಗೆ ಬಂದುಬಿಡಿ, ಮಾರನೇ ದಿನ ಹೋಗಿ. ಅಂಥ ಪುಡಿಯಲ್ಲಿ ಸ್ನಾನ ಮಾಡಿದವರ ಪಾಡು ಯಾರಿಗೂ ಬೇಡ. ಬೆಳಿಗ್ಗೆ ಗಿರಣಿ ತೆಗೆದ ಕೂಡಲೇ ಹೋಗಿ, ಮೊದಲು ಒಂದು ಹಿಡಿ ಅಕ್ಕಿ ಹಾಕಿಸಿ ಕಲ್ಲು ತೊಳೆಸಿಕೊಳ್ಳುವುದು ಒಳ್ಳೆಯದು.

ಬೀಸಿದ ಹಿಟ್ಟು ಬಿಸಿಯಾಗಿರುತ್ತದೆ. ಅದನ್ನು ಹಾಗೇ ಡಬ್ಬಿಗೆ ತುಂಬಿದರೆ ಮುಚ್ಚಳದ ಒಳಗೆ ಬೆವರು ಕಟ್ಟಿ ಗಂಟಾಗುತ್ತದೆ. ಹತ್ತಿ ಬಟ್ಟೆಯ ಮೇಲೆ ಹರಡಿ, ಪೂರ್ತಿ ಆರಿಸಿ, ಜರಡಿ ಹಿಡಿದು ಆಮೇಲೆ ತುಂಬಿ. ಜರಡಿಯಲ್ಲಿ ಉಳಿದ ತರಿ ಎಸೆಯಬೇಡಿ, ಕಾಲಿನ ಹಿಮ್ಮಡಿ ಉಜ್ಜಲು ಬರುತ್ತದೆ. ಬಚ್ಚಲಿಗೆ ಸಣ್ಣ ಡಬ್ಬಿ, ಅದರಲ್ಲಿ ವಾರಕ್ಕಾಗುವಷ್ಟು ಮಾತ್ರ. ದೊಡ್ಡ ಡಬ್ಬಿ ಒಳಗಿರಲಿ, ಅದಕ್ಕೆ ಒದ್ದೆ ಕೈ ಹಾಕಬೇಡಿ. ಹೀಗಿಟ್ಟರೆ ಆರು ತಿಂಗಳು ಏನೂ ಆಗುವುದಿಲ್ಲ. ಬಚ್ಚಲ ತೂತಿಗೆ ಒಂದು ಜಾಲರಿ ಹಾಕಿಸಿ, ಇಲ್ಲದಿದ್ದರೆ ಪೈಪು ಕಟ್ಟಿಕೊಳ್ಳುತ್ತದೆ.

ಎಣ್ಣೆಗೆ ಘಮ ಹಿಡಿಸುವುದು

ಬೇರಿಗೆ ಒಂದು ದಾರಿ, ಹೂವಿಗೆ ಇನ್ನೊಂದು. ಲಾವಂಚದ ಘಮ ಭಾರದ್ದು, ಹಾರಿಹೋಗುವುದಕ್ಕೆ ಹೊತ್ತು ತೆಗೆದುಕೊಳ್ಳುತ್ತದೆ. ಆದ್ದರಿಂದ ಬಿಸಿ ತಡೆಯುತ್ತದೆ. 250 ಮಿಲಿ ಎಳ್ಳೆಣ್ಣೆಗೆ 25 ಗ್ರಾಂ ಒಣ ಲಾವಂಚ ಹಾಕಿ, ಪಾತ್ರೆಯನ್ನು ಕುದಿಯುವ ನೀರಿನ ಇನ್ನೊಂದು ಪಾತ್ರೆಯೊಳಗೆ ಕೂರಿಸಿ. ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಇರಲಿ. ನೇರ ಉರಿಗೆ ಇಟ್ಟರೆ ಬೇರು ಸೀದು ಒಗ್ಗರಣೆ ವಾಸನೆ ಬರುತ್ತದೆ. ಆರಿದ ಮೇಲೆ ಬಟ್ಟೆಯಲ್ಲಿ ಹಿಂಡಿ ಸೋಸಿ. ಏಪ್ರಿಲ್ ತಿಂಗಳ ಬಿಸಿಲಿದ್ದರೆ ಒಲೆಯೂ ಬೇಡ. ಗಾಜಿನ ಬಾಟಲಿಯಲ್ಲಿ ಹಾಕಿ ತಾರಸಿಯ ಮೇಲೆ 15 ದಿನ ಇಡಿ.

ಕೊಬ್ಬರಿ ಎಣ್ಣೆಯೂ ಆಗುತ್ತದೆ. ಆದರೆ ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಿಗ್ಗೆ ಬಾಟಲಿ ಬಗ್ಗಿಸಿದರೆ ಏನೂ ಬೀಳುವುದಿಲ್ಲ. ಚಳಿಗಾಲಕ್ಕೆ ಎಳ್ಳೆಣ್ಣೆಯೇ ಸರಿ. ಗಾಣದ ಎಣ್ಣೆಯಾದರೆ ಅದರದೇ ವಾಸನೆ ಜೋರು, ಹೂವಿನ ಘಮ ಹಿಂದೆ ಬೀಳುತ್ತದೆ ಅನ್ನುವುದನ್ನೂ ನೆನಪಿಡಿ.

ಮಲ್ಲಿಗೆಯನ್ನು ಮಾತ್ರ ಬಿಸಿ ಮಾಡಲೇಬಾರದು. ಬೆಂದ ಸೊಪ್ಪಿನ ವಾಸನೆ ಬರುತ್ತದೆ. ಮಲ್ಲಿಗೆ, ಸುಗಂಧರಾಜಗಳ ವಿಶೇಷ ಏನೆಂದರೆ ಗಿಡದಿಂದ ಕಿತ್ತ ಮೇಲೂ ಅವು ರಾತ್ರಿಯೆಲ್ಲ ಘಮ ಹುಟ್ಟಿಸುತ್ತಲೇ ಇರುತ್ತವೆ. ಗುಲಾಬಿ ಹಾಗಲ್ಲ, ಕಿತ್ತಾಗ ಇದ್ದಷ್ಟೇ. ಆದ್ದರಿಂದ ಸಂಜೆ ಹೂವಿನ ಅಂಗಡಿಗೆ ಹೋಗಿ ಬಿಡಿ ಮೊಗ್ಗು ಕೇಳಿ. ಮಾರು ಲೆಕ್ಕದ ಕಟ್ಟಿದ ಹೂವು ಬೇಡ, ಅದರ ಮೇಲೆ ನೀರು ಚಿಮುಕಿಸಿರುತ್ತಾರೆ. ಶ್ರಾವಣದಲ್ಲಿ, ಹಬ್ಬದ ಹಿಂದಿನ ದಿನ ಕೇಳಲೇಬೇಡಿ, ರೇಟು ಆಕಾಶದಲ್ಲಿರುತ್ತದೆ. ಕನಕಾಂಬರ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಪ್ರಯೋಜನವಿಲ್ಲ. ಕಣ್ಣಿಗೆ ಚಂದ, ಮೂಗಿಗೆ ಏನೂ ಇಲ್ಲ.

ತಂದ ಮೊಗ್ಗನ್ನು ಒಣ ಬಟ್ಟೆಯ ಮೇಲೆ ಅರ್ಧ ಗಂಟೆ ಹರಡಿ ತೇವ ಆರಿಸಿ. ಅಗಲ ಬಾಯಿಯ ಗಾಜಿನ ಪಾತ್ರೆಯಲ್ಲಿ ಎಳ್ಳೆಣ್ಣೆ ಹಾಕಿ, ಮೊಗ್ಗು ಮುಳುಗಿಸಿ, ಬಟ್ಟೆ ಕಟ್ಟಿಡಿ. ಬೆಳಿಗ್ಗೆ ಹೂವು ಕಂದುವ ಮೊದಲೇ ಸೋಸಿ ತೆಗೆಯಿರಿ. ಸಂಜೆ ಅದೇ ಎಣ್ಣೆಗೆ ಹೊಸ ಮೊಗ್ಗು. ಹೀಗೆ ಒಂದು ವಾರ. ಕೊನೆಗೆ ಎಣ್ಣೆಯನ್ನು ಎರಡು ದಿನ ಅಲುಗಾಡಿಸದೆ ಇಡಿ. ಹೂವಿನಿಂದ ಇಳಿದ ನೀರು ತಳದಲ್ಲಿ ನಿಲ್ಲುತ್ತದೆ. ಮೇಲಿನ ಎಣ್ಣೆಯನ್ನಷ್ಟೇ ನಿಧಾನಕ್ಕೆ ಬಗ್ಗಿಸಿಕೊಳ್ಳಿ. ಈ ಕೊನೆಯ ಕೆಲಸ ಬಿಟ್ಟರೆ ಇಷ್ಟು ದಿನದ ಶ್ರಮವೆಲ್ಲ ಕಮಟು.

ಉತ್ತರ ಭಾರತದ ಕನೌಜ್ ಕಡೆ ಇದಕ್ಕಿಂತ ಚೆನ್ನಾದ ಹಳೇ ದಾರಿಯೊಂದಿದೆ. ಎಣ್ಣೆಗಲ್ಲ, ಎಳ್ಳಿಗೇ ಘಮ ಹಿಡಿಸುತ್ತಾರೆ. ಎಳ್ಳು ಒಂದು ಪದರ, ಮಲ್ಲಿಗೆ ಒಂದು ಪದರ ಹರಡಿ, ದಿನಾ ಹೂವು ಬದಲಿಸಿ, ಘಮ ಹಿಡಿದ ಎಳ್ಳನ್ನು ಗಾಣಕ್ಕೆ ಹಾಕುತ್ತಾರೆ. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಈಗ ಸಣ್ಣ ಗಾಣಗಳೂ ಅಲ್ಲಲ್ಲಿ ಬಂದಿವೆ. ಆದರೆ ಗಾಣಕ್ಕೆ ಕಿಲೋಗಟ್ಟಲೆ ಎಳ್ಳು ಬೇಕು. ನಾಲ್ಕು ಮನೆಯವರು ಸೇರಿ ಮಾಡುವುದಾದರೆ ಖಂಡಿತ ಮಾಡಿ ನೋಡಿ.

ಪನ್ನೀರು

ಇದಕ್ಕೆ ಗುಲಾಬಿಯೇ ಆಗಬೇಕು. ಅದೂ ನಾಟಿ ಗುಲಾಬಿ. ಬೊಕೆಗೆ ಹಾಕುವ ಗುಲಾಬಿಯಲ್ಲಿ ಘಮ ಕಡಿಮೆ, ಔಷಧಿ ಹೊಡೆದಿರುವುದು ಜಾಸ್ತಿ. ಬಿಸಿಲೇರುವ ಮೊದಲೇ ಕಿತ್ತ ಹೂವು ತಂದು ಪಕಳೆ ಬಿಡಿಸಿ ತೊಳೆಯಿರಿ.

ದೊಡ್ಡ ಸ್ಟೀಲ್ ಪಾತ್ರೆಯ ನಡುವೆ ಒಂದು ಸ್ಟ್ಯಾಂಡ್, ಅದರ ಮೇಲೆ ಖಾಲಿ ಬಟ್ಟಲು. ಸುತ್ತ 250 ಗ್ರಾಂ ಪಕಳೆ, ಒಂದು ಲೀಟರ್ ನೀರು. ನೀರು ಸ್ಟ್ಯಾಂಡ್ ದಾಟಬಾರದು. ಮುಚ್ಚಳವನ್ನು ತಲೆಕೆಳಗಾಗಿ ಮುಚ್ಚಿ ಮೇಲೆ ಐಸ್ ಹಾಕಿ. ಆವಿ ಮೇಲೇರಿ, ತಣ್ಣನೆಯ ಮುಚ್ಚಳಕ್ಕೆ ತಾಗಿ, ಹಿಡಿಯಿಂದ ಹನಿಹನಿಯಾಗಿ ಬಟ್ಟಲಿಗೆ ಇಳಿಯುತ್ತದೆ. ಉರಿ ಸಣ್ಣಗಿರಲಿ, ಐಸ್ ಕರಗಿದಂತೆ ಬದಲಿಸುತ್ತಿರಿ. ಮೊದಲು ಇಳಿದದ್ದರಲ್ಲೇ ಘಮ ಹೆಚ್ಚು, ಬಟ್ಟಲಿಗೆ ಒಂದು ಲೋಟದಷ್ಟು ಬಿದ್ದ ಮೇಲೆ ನಿಲ್ಲಿಸಿ. ಬೋರ್‌ವೆಲ್ ನೀರು ಹಾಕಿದರೂ ನಡೆಯುತ್ತದೆ, ಉಪ್ಪು ಸುಣ್ಣವೆಲ್ಲ ತಳದಲ್ಲೇ ಉಳಿಯುತ್ತದೆ. ಕುದಿನೀರಲ್ಲಿ ತೊಳೆದು ಒಣಗಿಸಿದ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ವಾರ ಬರುತ್ತದೆ. ಮಬ್ಬಾದರೆ ಚೆಲ್ಲಿ.

ಹಚ್ಚಿಕೊಳ್ಳುವ ಮುಲಾಮು

ಸೆಂಟಿನ ಬದಲು ಮಣಿಕಟ್ಟಿಗೆ, ಕಿವಿಯ ಹಿಂದೆ ಹಚ್ಚಿಕೊಳ್ಳಲು ಇದು. ಜೇನುಮೇಣ 10 ಗ್ರಾಂ, ಮೇಲೆ ಹೇಳಿದ ಲಾವಂಚ ಅಥವಾ ಮಲ್ಲಿಗೆಯ ಎಣ್ಣೆ 40 ಮಿಲಿ. ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಸಣ್ಣ ಡಬ್ಬಿಗೆ ಹೊಯ್ಯಿರಿ. ದಾವಣಗೆರೆಯ ಬೇಸಿಗೆಗೆ ಮೆತ್ತಗಾಯಿತು ಅನ್ನಿಸಿದರೆ ಮತ್ತೆ ಕರಗಿಸಿ ಎರಡು ಮೂರು ಗ್ರಾಂ ಮೇಣ ಸೇರಿಸಿ. ಘಮ ಸಾಲದಿದ್ದರೆ ಅಂಗಡಿಯ ಎಸೆನ್ಷಿಯಲ್ ಆಯಿಲ್ (ಗಿಡದಿಂದ ತೆಗೆದ ಗಾಢ ಸುಗಂಧ ತೈಲ) ಹಾಕಬಹುದು, ಆದರೆ ಇಷ್ಟಕ್ಕೆ 10 ಹನಿ ಸಾಕು. ಅಂದರೆ ನೂರಕ್ಕೆ ಒಂದು ಪಾಲು. ಆ ಆಯಿಲನ್ನು ಏನೂ ಬೆರೆಸದೆ ನೇರವಾಗಿ ಚರ್ಮಕ್ಕೆ ಹಚ್ಚಿದರೆ ಉರಿ ಬರುತ್ತದೆ. ಐವತ್ತು ರೂಪಾಯಿಯ ಗುಲಾಬಿ ಆಯಿಲ್‌ನಲ್ಲಿ ಗುಲಾಬಿ ಇರುವುದಿಲ್ಲ ಅನ್ನೋದು ಬೇರೆ ಹೇಳಬೇಕಿಲ್ಲ ಅಲ್ವಾ?

ಹಚ್ಚುವ ಮುಂಚೆ

ಗಿಡದ್ದು ಅಂದಮಾತ್ರಕ್ಕೆ ಎಲ್ಲರ ಮೈಗೂ ಒಗ್ಗುತ್ತದೆ ಅಂತಿಲ್ಲ. ಹೊಸದನ್ನು ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಒಂದು ದಿನ ನೋಡಿ. ಕೆಂಪಾದರೆ, ತುರಿಕೆ ಬಂದರೆ ಬಿಡಿ. ನಿಂಬೆರಸ, ನಿಂಬೆಸಿಪ್ಪೆಯ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ, ಚರ್ಮ ಸುಟ್ಟು ಕಲೆ ಉಳಿಯಬಹುದು. ಕೂಸುಗಳಿಗೆ ಕರ್ಪೂರ, ನೀಲಗಿರಿ ಎಣ್ಣೆ ಬೇಡವೇ ಬೇಡ. ಕರ್ಪೂರ ಮಕ್ಕಳ ಹೊಟ್ಟೆ ಸೇರಿದರೆ ವಿಷ. ಬಸುರಿಯರು, ಚರ್ಮದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಬಳಸಲಿ.

ಡಬ್ಬಿಯ ಮೇಲೆ ಮಾಡಿದ ತಾರೀಕು, ಹಾಕಿದ ಸಾಮಾನು ಬರೆದಿಡಿ. ನೆಂಟರಿಗೆ ಕೊಡುವಾಗಲೂ ಇದು ಬೇಕು, ಯಾರಿಗೆ ಏನು ಆಗುವುದಿಲ್ಲವೋ ಗೊತ್ತಿರುವುದಿಲ್ಲ. ಮಾರುವ ಯೋಚನೆ ಬಂದರೆ ಮಾತು ಬೇರೆ. ಸೌಂದರ್ಯವರ್ಧಕಗಳನ್ನು ಮಾರಾಟಕ್ಕಾಗಿ ತಯಾರಿಸಲು 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಪರವಾನಗಿ ಬೇಕು. ಮನೆಯಲ್ಲಿ ಮಾಡಿದ್ದು, ಸ್ವಲ್ಪವೇ ಅನ್ನುವ ರಿಯಾಯಿತಿ ಇರುತ್ತದೆ ಅಂದುಕೊಂಡು ಆರ್ಡರ್ ಹಿಡಿಯಬೇಡಿ. ಮೊದಲು ಔಷಧ ನಿಯಂತ್ರಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.