ಗಣಿತ ಮೇಷ್ಟ್ರು ತಲೆಭಾರ ಇಳಿಸಿಕೊಳ್ಳುವುದು ಹೀಗೆ

ಬೇಲೂರು ಕಡೆಯ ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಜನವರಿ ಬಂತೆಂದರೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಫಲಿತಾಂಶದ ಮೀಟಿಂಗಿನಲ್ಲಿ ಕೇಳುವ ‘ನಿಮ್ಮ ಸಬ್ಜೆಕ್ಟಿನಲ್ಲೇ ಯಾಕೆ ಜಾಸ್ತಿ ಫೇಲು?’ ಅನ್ನುವ ಮಾತು ಕಿವಿಯಲ್ಲೇ ಇರುತ್ತಿತ್ತು.

ಪೇಪರ್ ಕಟ್ಟು ಮನೆಗೆ ಒಯ್ಯಬೇಡಿ. ಖಾಲಿ ಪಿರಿಯಡ್ಡಿನಲ್ಲೇ ತಿದ್ದಿ. ಒಂದೊಂದೇ ಪೇಪರ್ ಪೂರ್ತಿ ನೋಡುವ ಬದಲು ಎಲ್ಲರ ಪ್ರಮೇಯವನ್ನು ಒಟ್ಟಿಗೆ ನೋಡಿ. ನನ್ನ 14 ಮಕ್ಕಳು ತ್ರಿಭುಜದ ಥೇಲ್ಸ್ ಪ್ರಮೇಯದಲ್ಲಿ ದತ್ತ (ಕೊಟ್ಟಿರುವುದು), ಸಾಧನೀಯ (ಸಾಧಿಸಬೇಕಾದದ್ದು) ಬರೆದು, ಬೇಕಾದ ಗೆರೆ ಎಳೆದುಕೊಳ್ಳುವ ‘ರಚನೆ’ ಸಾಲನ್ನೇ ಬಿಟ್ಟಿದ್ದರು. ಮರುದಿನ ಅದೊಂದನ್ನೇ ಹೇಳಿಕೊಟ್ಟೆ. ಎಷ್ಟೋ ಹಗುರವಾಯಿತು.

ಕಾಫಿ ಕೊಯ್ಲಿನಲ್ಲಿ ಕೆಲವು ಮಕ್ಕಳು ಶಾಲೆಗೇ ಬರುವುದಿಲ್ಲ. ಅದು ನಿಮ್ಮ ತಪ್ಪಲ್ಲ, ಅಲ್ವಾ? ಹಾಜರಿ, ಅಂಕ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಮೀಟಿಂಗಿಗೆ ಒಯ್ಯಿರಿ.

ವಾರಗಟ್ಟಲೆ ನಿದ್ದೆ ಕೆಟ್ಟರೆ ಸುಮ್ನೆ ನುಂಗಿಕೊಳ್ಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.