ಹಿಮ್ಮಡಿ ಊರದೆ ಕುಣಿಯುವುದು: ಅವಾ ಒದೊರಿ ಕಲಿತ ನನ್ನ ಅನುಭವ

ಟೋಕಿಯೊದ ಕೋಎಂಜಿ ಬಡಾವಣೆಯಲ್ಲಿ ಆಗಸ್ಟ್ ಕೊನೆಗೆ ಅವಾ ಒದೊರಿ ನಡೆಯುತ್ತದೆ. ಈ ಕುಣಿತದ ತವರು ಶಿಕೊಕು ದ್ವೀಪದ ತೊಕುಶಿಮಾ. ಅಲ್ಲಿ ಆಗಸ್ಟ್ 12ರಿಂದ 15ರವರೆಗೆ, ಪಿತೃಗಳು ಮನೆಗೆ ಬರುತ್ತಾರೆಂದು ನಂಬುವ ಒಬೊನ್ ಹಬ್ಬದ ಹೊತ್ತಿನಲ್ಲಿ, ಊರಿಗೆ ಊರೇ ಬೀದಿಗಿಳಿಯುತ್ತದೆ. ಕೋಎಂಜಿಯ ಅಂಗಡಿಬೀದಿಯ ಯುವಕರು 1957ರಲ್ಲಿ ಅದನ್ನು ತಮ್ಮಲ್ಲೂ ಶುರುಮಾಡಿದರು. ಕೆಲಸಕ್ಕೆಂದು ಬಂದು ಟೋಕಿಯೊದಲ್ಲೇ ನೆಲೆಸಿದ ನಾನು ಸೇರಿದ್ದು ಇಲ್ಲಿನ ಒಂದು ರೆನ್‌ಗೆ. ರೆನ್ ಅಂದರೆ ಕುಣಿತದ ತಂಡ. ವಾದ್ಯದವರು, ಗಂಡುಕುಣಿತದವರು, ಹೆಣ್ಣುಕುಣಿತದವರು, ಮಕ್ಕಳು, ಎಲ್ಲರಿಗಿಂತ ಮುಂದೆ ಕೋಲಿನ ತುದಿಯಲ್ಲಿ ಲಾಂದ್ರ ಎತ್ತಿ ಹಿಡಿದವರು, ಎಲ್ಲ ಸೇರಿ ಒಂದು ರೆನ್.

ಹೆಜ್ಜೆಯನ್ನು ಹೇಳಿಕೊಡಲು ಐದು ನಿಮಿಷ ಸಾಕು. ಬಲಗಾಲು ಮುಂದೆ ಹೋದಾಗ ಬಲಗೈಯೂ ಮುಂದೆ, ಎಡಗಾಲಿಗೆ ಎಡಗೈ. ಎರಡು ಪೆಟ್ಟಿನ ಲಯ. ಅಷ್ಟೇ. ಆದರೆ ಬಾಲ್ಯದಲ್ಲಿ ಭರತನಾಟ್ಯ ಕಲಿತ ನನ್ನ ಕಾಲಿಗೆ ಇಡೀ ಅಂಗಾಲು ನೆಲಕ್ಕೆ ತಟ್ಟಿಯೇ ಅಭ್ಯಾಸ. ಇಲ್ಲಿ ಹೆಂಗಸರು ಮರದ ಗೆತಾ ಮೆಟ್ಟಿ, ಅದರ ಮುಂತುದಿಯ ಮೇಲೆ ದೇಹದ ಭಾರವನ್ನೆಲ್ಲ ಹಾಕಿ ಮುಂದಕ್ಕೆ ಬಾಗಿ ನಿಲ್ಲಬೇಕು. ಹಿಮ್ಮಡಿ ಕೆಳಗಿಳಿಯುವ ಹಾಗೇ ಇಲ್ಲ. ಗಂಡುಕುಣಿತದವರು ಸೊಂಟ ಇಳಿಸಿ, ಮಂಡಿ ಅಗಲಿಸಿ ನೆಲಕ್ಕೆ ಹತ್ತಿರವಾಗುತ್ತಾರೆ. ನಾವು ಆಕಾಶಕ್ಕೆ.

ಗೆತಾದ ಪಟ್ಟಿ ಬೆರಳಸಂದಿಯನ್ನು ಕೊರೆಯುತ್ತದೆ. ಹಬ್ಬಕ್ಕೆ ಬಹಳ ಮೊದಲೇ ಹೊಸ ಗೆತಾ ಕೊಂಡು, ಪಟ್ಟಿಯನ್ನು ಕೈಯಿಂದ ಎಳೆದೆಳೆದು ಪಳಗಿಸಿದೆ. ಬೆರಳಿಗೆ ಪ್ಲಾಸ್ಟರ್ ಸುತ್ತಿ ಅದರ ಮೇಲೆ ತಾಬಿ ಕಾಲುಚೀಲ ಹಾಕಿಕೊಂಡೆ. ಹಿಮ್ಮಡಿ ಗೆತಾದಿಂದ ಸ್ವಲ್ಪ ಹೊರಗೇ ಇರಬೇಕು, ಹಾಗಿದ್ದರೆ ಮುಂದಕ್ಕೆ ಬಾಗುವುದು ಸುಲಭ.

ಕಾಲಿಗಿಂತ ಕಷ್ಟ ಕೈಯದು. ಎರಡೂ ಕೈ ತಲೆಗಿಂತ ಮೇಲೆ, ಮೆರವಣಿಗೆ ಮುಗಿಯುವವರೆಗೂ. ತೋಳಿನ ಬಲದಿಂದ ಎತ್ತಿದರೆ ಸ್ವಲ್ಪ ಹೊತ್ತಿಗೇ ಭುಜ ಉರಿಯುತ್ತದೆ. "ಬೆನ್ನಿನಿಂದ ಎತ್ತಿ, ಬೆರಳಿಗೆ ಕೆಲಸ ಕೊಡಿ" ಎಂದು ನಮ್ಮ ತಂಡದ ಹಿರಿಯರೊಬ್ಬರು ನನ್ನ ಬೆನ್ನ ಮೇಲೆ ಕೈಯಿಟ್ಟು ತೋರಿಸಿದರು. ಆಮೇಲೆ ಮನೆಯಲ್ಲಿ ಗೋಡೆಗೆ ಎದುರಾಗಿ ನಿಂತು, ಮೊಣಕೈ ಗೋಡೆಗೆ ತಾಗದಂತೆ ಬರೀ ಕೈಗಳನ್ನು ಅಭ್ಯಾಸ ಮಾಡಿದೆ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ಮುಖ ಯಾರಿಗೂ ಕಾಣಬೇಕಿಲ್ಲ. ಅಮಿಗಾಸಾ ಎಂಬ ಮಡಿಸಿದ ಹುಲ್ಲುಟೋಪಿಯನ್ನು ಹಣೆಯ ಮೇಲೆ ಇಳಿಸಿ ಗಲ್ಲದ ಕೆಳಗೆ ಕಟ್ಟುತ್ತಾರೆ. ಅಭಿನಯ ಕಲಿತವಳಿಗೆ ಇದು ದೊಡ್ಡ ಬಿಡುಗಡೆ. ಸಾಲಿನಲ್ಲಿರುವ ಎಲ್ಲರ ಬೆರಳ ತುದಿಯೂ ಒಂದೇ ಎತ್ತರಕ್ಕೆ ಬಂದರೆ ಸಾಕು, ಅಲ್ಲೇ ಇದರ ಸೌಂದರ್ಯವೆಲ್ಲ ಇದೆ ಎಂದು ನನ್ನ ನಂಬಿಕೆ.

ಟೋಪಿಯ ಕೆಳಗಿನಿಂದ ಮುಂದಿನವರ ಬೆನ್ನು ಬಿಟ್ಟರೆ ಹೆಚ್ಚೇನೂ ಕಾಣದು, ಕಿವಿಯೇ ದಾರಿ. ಅಂಗೈಯಷ್ಟಗಲದ ಕಂಚಿನ ವಾದ್ಯ ಕಾನೆ ಲಯದ ಯಜಮಾನ. ಡೋಲು, ಕೊಳಲು, ಮೂರು ತಂತಿಯ ಷಮಿಸೆನ್ ಅದನ್ನು ಅನುಸರಿಸುತ್ತವೆ. ಕಾನೆ ಬಿಗಿಯಾದರೆ ನಾವು ಬಿಗಿ, ನಿಂತರೆ ನಾವೂ ನಿಲ್ಲಬೇಕು. ಅದಕ್ಕೇ ಅಭ್ಯಾಸದ ದಿನ ಕಾನೆಯ ಸದ್ದನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡು ರೈಲಿನಲ್ಲಿ ಕೇಳುತ್ತಿದ್ದೆ. "ಯತ್ತೊ ಸಾ" ಎಂದು ಒಬ್ಬರು ಕೂಗಿದಾಗ "ಯತ್ತೊ ಯತ್ತೊ" ಎಂದು ಮರುಕೂಗು ಹಾಕುವುದು ಬರೀ ಹುರುಪಿಗಲ್ಲ, ಉಸಿರು ಬಿಡಲು ಅದೊಂದೇ ಸಂದು. ಕೋಎಂಜಿಯಲ್ಲಿ ದೊಡ್ಡ ಡೋಲುಗಳ ಅಬ್ಬರಕ್ಕೆ ಷಮಿಸೆನ್ ಅಡಗಿಹೋಗುತ್ತದೆ. ನನಗೆ ಇಷ್ಟ ತೊಕುಶಿಮಾದ ಹಳೆಯ ರೆನ್‌ಗಳ ಷಮಿಸೆನ್ ಕೇಳಿಸುವ ನಿಧಾನದ ನಡೆ.

ರೆನ್ ಸೇರಲು ಆಗದವರೂ ಕುಣಿಯಬಹುದು. ಹಬ್ಬದ ದಿನಗಳಲ್ಲಿ ತೊಕುಶಿಮಾಕ್ಕೆ ಹೋದರೆ ನಿವಾಕಾ ರೆನ್ ಇರುತ್ತದೆ. ತೊಟ್ಟ ಬಟ್ಟೆಯಲ್ಲೇ ಹೋಗಿ, ಅಲ್ಲೇ ಹೆಜ್ಜೆ ಕಲಿತು, ಎಲ್ಲರ ಜೊತೆ ಮೆರವಣಿಗೆಯಲ್ಲಿ ಸಾಗಬಹುದು. ಬೇರೆ ಕಾಲದಲ್ಲಿ ಹೋದರೂ ಬಿಜಾನ್ ಬೆಟ್ಟದ ಬುಡದಲ್ಲಿರುವ ಅವಾ ಒದೊರಿ ಕೈಕಾನ್ ಎಂಬ ಸಭಾಭವನದಲ್ಲಿ ವರ್ಷವಿಡೀ ಪ್ರದರ್ಶನ ಇರುತ್ತದೆ, ನೋಡಲು ಬಂದವರನ್ನೂ ಕುಣಿಸುತ್ತಾರೆ. ಗೆತಾ ಅಭ್ಯಾಸವಿಲ್ಲದಿದ್ದರೆ ಮೊದಲ ಸಲ ಬೂಟಿನಲ್ಲೇ ಕುಣಿಯಿರಿ.