ಸ್ತನದ ಎಂ.ಆರ್.ಐ.: ಅಲುಗಾಡದೆ ಮಲಗಲು ಮೊದಲೇ ಸಿದ್ಧರಾಗಿ

ಕಾಸರಗೋಡು, ಬದಿಯಡ್ಕ, ಮಂಜೇಶ್ವರ ಕಡೆಯ ಹಲವರು, ಬಲವಾದ ಅಯಸ್ಕಾಂತದ ನೆರವಿನಿಂದ ಸ್ತನದ ಒಳಗಿನ ಚಿತ್ರ ತೆಗೆಯುವ ಈ ಎಂ.ಆರ್.ಐ. ಪರೀಕ್ಷೆಗಾಗಿ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಬಂಧುಗಳ ಜೊತೆಗೆ ಹೀಗೆ ಹೋದ ನಾನು, ಯಂತ್ರ ಸರಿಯಾಗಿದ್ದರೂ ನಡುವೆ ಮೈ ಅಲುಗಿದ ಕಾರಣಕ್ಕೆ ಚಿತ್ರಗಳು ಕೆಟ್ಟು, ಇನ್ನೊಮ್ಮೆ ಅದೇ ದಾರಿ ಹಿಡಿಯಬೇಕಾದುದನ್ನು ಕಂಡಿದ್ದೇನೆ.

ಮುಟ್ಟು ನಿಲ್ಲದವರು ಮುಟ್ಟಾದ ಮೊದಲ ದಿನದಿಂದ ಎಣಿಸಿ 7ರಿಂದ 14ನೆಯ ದಿನದೊಳಗೆ ಸಮಯ ಕೇಳಿಕೊಳ್ಳುವುದು ಒಳ್ಳೆಯದು. ಉಳಿದ ದಿನಗಳಲ್ಲಿ ಆರೋಗ್ಯವಂತ ಅಂಗಾಂಶವೂ, ಚಿತ್ರ ಸ್ಪಷ್ಟವಾಗಲೆಂದು ಚುಚ್ಚುವ ಔಷಧವನ್ನು ಹೆಚ್ಚು ಹೀರಿಕೊಂಡು ಗೊಂದಲವಾಗಬಹುದು. ಆದರೆ ಕ್ಯಾನ್ಸರ್ ಈಗಾಗಲೇ ಖಚಿತವಾಗಿದ್ದರೆ ಈ ಲೆಕ್ಕಕ್ಕಾಗಿ ಕಾಯಬಾರದು.

ಗಡ್ಡೆ ಹುಡುಕುವ ಪರೀಕ್ಷೆಯಲ್ಲಿ ಗ್ಯಾಡೋಲಿನಿಯಂ ಎಂಬ ಔಷಧವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಮೂತ್ರಪಿಂಡದ ತೊಂದರೆ, ಹಿಂದೊಮ್ಮೆ ಇಂತಹ ಔಷಧದಿಂದಾದ ಅಲರ್ಜಿ, ಗರ್ಭ ನಿಂತಿರುವ ಸಂಶಯ, ಇವುಗಳನ್ನು ಮೊದಲೇ ಹೇಳಬೇಕು. ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಲು ಹೇಳಿದ್ದರೆ ಅದನ್ನು ಊರಿನಲ್ಲಿಯೇ ಮುಗಿಸಿ ವರದಿ ಹಿಡಿದು ಹೋಗಿ. ಅಲ್ಲಿ ನೋಡಿಕೊಳ್ಳೋಣವೆಂದು ಹೊರಟವರು ಸಂಜೆಯವರೆಗೆ ಕಾದು ಕುಳಿತಿರುತ್ತಾರೆ. ಹಳೆಯ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಫಿಲ್ಮುಗಳೂ ಕೈಯಲ್ಲಿರಲಿ.

ಪೇಸ್‌ಮೇಕರ್, ಮಿದುಳಿನ ರಕ್ತನಾಳದ ಕ್ಲಿಪ್, ಕಿವಿಯೊಳಗೆ ಅಳವಡಿಸಿದ ಉಪಕರಣ, ಯಾವುದಿದ್ದರೂ ಕಾಗದಪತ್ರ ತೋರಿಸಲೇಬೇಕು. ಕರಿಮಣಿ, ಮೂಗುಬೊಟ್ಟು, ಕಾಲುಂಗುರ, ಸೀರೆಯ ಪಿನ್ನು ಎಲ್ಲವನ್ನೂ ಮನೆಯಲ್ಲಿ ತೆಗೆದಿಟ್ಟೇ ಹೊರಡಿ. ಬಿ.ಪಿ. ಇಳಿಯುತ್ತದೆಂದು ಮಾರುವ ಅಯಸ್ಕಾಂತದ ಬಳೆಯನ್ನಂತೂ ಆ ಕೋಣೆಯ ಬಾಗಿಲ ಹತ್ತಿರಕ್ಕೂ ಒಯ್ಯಬಾರದು. ಚಿತ್ರ ತೆಗೆಯದಿರುವಾಗಲೂ ಯಂತ್ರದ ಸೆಳೆತ ಇದ್ದೇ ಇರುತ್ತದೆ.

ಇನ್ನು ಮಲಗುವ ವಿಚಾರ. ಇಲ್ಲಿ ಮಲಗಬೇಕಾದುದು ಬೋರಲು. ಮೇಜಿನ ಮೇಲಿರುವ ಚೌಕಟ್ಟಿನ ಎರಡು ತೆರಪುಗಳಲ್ಲಿ ಸ್ತನಗಳು ಕೆಳಕ್ಕೆ ಇಳಿಬಿದ್ದಿರುತ್ತವೆ. ಭಾರವೆಲ್ಲ ಎದೆಯ ನಡುಮೂಳೆ, ಪಕ್ಕೆಲುಬುಗಳ ಅಂಚು ಮತ್ತು ಹಣೆಯ ಮೇಲೆ ಬೀಳುತ್ತದೆ. ಸುಮಾರು 30ರಿಂದ 45 ನಿಮಿಷ ಹಾಗೆಯೇ ಇರಬೇಕಾದುದರಿಂದ, ಮೊದಲ ನಿಮಿಷದಲ್ಲಿ ಒತ್ತಿದ್ದು ಇಪ್ಪತ್ತನೆಯ ನಿಮಿಷಕ್ಕೆ ತಡೆಯಲಾರದ ನೋವಾಗುತ್ತದೆ. ನಮ್ಮ ಹೆಂಗಸರು ‘ಪರವಾಗಿಲ್ಲ’ ಎಂದು ಸುಮ್ಮನಾಗುವುದು ಇಲ್ಲಿಯೇ. ದಯವಿಟ್ಟು ಸುಮ್ಮನಾಗಬೇಡಿ: ಮೂಳೆಯ ಕೆಳಗೆ ಬಟ್ಟೆಯ ಮೆತ್ತೆ ಕೇಳಿ, ತೋಳು ಜೋಮು ಹಿಡಿಯುವಂತಿದ್ದರೆ ಬದಲಿಸಿಕೊಳ್ಳಿ, ಕೆಮ್ಮಿದ್ದರೆ ಕೆಮ್ಮಿ ಮುಗಿಸಿ. ಇದೆಲ್ಲ ಮೇಜು ಒಳಕ್ಕೆ ಸರಿಯುವ ಮುನ್ನವೇ ಆಗಬೇಕು.

ಔಷಧ ಚುಚ್ಚುವ ಮೊದಲಿನ ಚಿತ್ರವನ್ನು ಅನಂತರದ ಚಿತ್ರಗಳಿಂದ ಕಳೆದು ನೋಡುವುದರಿಂದ, ಮೈ ಕೆಲವೇ ಮಿಲಿಮೀಟರ್ ಸರಿದರೂ ಹೊಂದಿಕೆ ತಪ್ಪುತ್ತದೆ. ಔಷಧ ಏರುವಾಗ ತೋಳಿನೊಳಗೆ ತಣ್ಣಗೆ ಹರಿದಂತಾಗುತ್ತದೆ. ಬೆಚ್ಚಿ ಭುಜ ಎತ್ತುವುದು ಆ ಕ್ಷಣದಲ್ಲಿಯೇ, ಹಾಗಾಗಿ ಅದು ಬರುತ್ತದೆಂದು ತಿಳಿದೇ ಮಲಗಿರಿ. ದೀರ್ಘಶ್ವಾಸ ಬೇಡ, ಎಂದಿನ ಉಸಿರೇ ಸಾಕು. ಬಡಿತದ ಸದ್ದು ಜೋರಾಗಿರುವುದರಿಂದ ಕಿವಿಗೆ ರಕ್ಷಣೆ ಕೇಳಿ ಪಡೆಯಿರಿ. ಕೈಯಲ್ಲಿ ಕೊಡುವ ರಬ್ಬರ್ ಉಂಡೆಯನ್ನು ಅದುಮಿದರೆ ಸಿಬ್ಬಂದಿಗೆ ಗೊತ್ತಾಗುತ್ತದೆ. ಕಣ್ಣೂರಿನ ಕಡೆಗೆ ಹೋಗುವ, ಕನ್ನಡವಷ್ಟೇ ಬಲ್ಲ ಹಿರಿಯರಿಗೆ, ಅಲುಗಾಡಬೇಡಿ ಎನ್ನುವುದಕ್ಕೆ ಮಲಯಾಳದಲ್ಲಿ ‘ಅನಙ್ಙರುತ್’ ಎನ್ನುತ್ತಾರೆಂದು ಮೊದಲೇ ಕಲಿಸಿರಿ. ಒಳಗೆ ಕೇಳಿಬರುವ ದನಿಗೆ ಗಾಬರಿಯಾಗಿ ತಲೆ ಎತ್ತುವುದು ತಪ್ಪುತ್ತದೆ.

ಹಾಲೂಡಿಸುವ ತಾಯಂದಿರು ಸಾಮಾನ್ಯವಾಗಿ ಅನಂತರವೂ ಹಾಲೂಡಿಸಬಹುದು, ಏಕೆಂದರೆ ಹಾಲಿಗೆ ಸೇರುವ ಔಷಧ ಅತ್ಯಲ್ಪ. ವರದಿಯಲ್ಲಿ ಏನೋ ಕಂಡಿದೆ ಎಂದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಅದನ್ನು ಖಚಿತಪಡಿಸಲು ಅಲ್ಟ್ರಾಸೌಂಡ್ ಅಥವಾ ಬಯಾಪ್ಸಿ (ಚೂರು ಅಂಗಾಂಶ ತೆಗೆದು ಪರೀಕ್ಷಿಸುವುದು) ಬೇಕಾಗಬಹುದು. ಆದ್ದರಿಂದ ವರದಿಯನ್ನು ಬಸ್ಸಿನಲ್ಲಿ ಬಿಡಿಸಿ ಓದದೆ, ಪರೀಕ್ಷೆಗೆ ಬರೆದುಕೊಟ್ಟ ವೈದ್ಯರ ಎದುರಿನಲ್ಲಿಯೇ ತೆರೆಯಿರಿ.